ದೇವಿಯ ಚಿನ್ನ ತೂಗಿದವರ ಊರಿನಲ್ಲಿ

ಮೊದಲ ದಿನ: ಅಥೆನ್ಸ್

ಎಲ್ಲಿಗೆ ಹೊರಟರೂ ನನ್ನ ಕೈಚೀಲದಲ್ಲಿ ಒಂದು ಚಿಕ್ಕ ಲೆಕ್ಕದ ಪುಸ್ತಕ ಇರುತ್ತದೆ. 34 ವರ್ಷ ಊರೂರು ಸುತ್ತಿ ಸರ್ಕಾರಿ ಕಚೇರಿಗಳ ಲೆಕ್ಕ ಪರಿಶೋಧನೆ ಮಾಡಿದವಳಿಗೆ ನಿವೃತ್ತಿಯಾದ ಮೇಲೂ ಕೈ ಸುಮ್ಮನಿರುವುದಿಲ್ಲ. ಜೊತೆಗೆ ಬಂದ ತಂಗಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವಳು. ಅವಳಿಗೆ ಈ ಪುಸ್ತಕ ಕಂಡರಾಗದು. "ಅಕ್ಕ, ಸೋಫೋಕ್ಲಿಸನಂಥ ನಾಟಕಕಾರ ಹುಟ್ಟಿದ ನಾಡಿಗೆ ಬಂದೂ ಕಾಫಿಯ ಲೆಕ್ಕ ಬರೆಯುತ್ತೀಯಲ್ಲ" ಎಂದು ಮೊದಲ ರಾತ್ರಿಯೇ ಶುರುಮಾಡಿದಳು.

ವೀಸಾ, ವಿಮಾನಗಳ ಕಥೆ ಬೇಡ. ಮಾರ್ಚ್ ತಿಂಗಳ ಮೊದಲ ವಾರ. ಮೆಟ್ರೊದಿಂದ ಮೊನಾಸ್ತಿರಾಕಿ ಚೌಕಕ್ಕೆ ಹತ್ತಿಬಂದಾಗ ಕತ್ತಲಾಗುತ್ತಿತ್ತು. ತಲೆ ಎತ್ತಿದರೆ ಬಂಡೆಯ ಮೇಲೆ ದೀಪದ ಬೆಳಕಿನಲ್ಲಿ ಹಳೆಯ ಗುಡಿಗಳ ಕೋಟೆ, ಆಕ್ರೊಪೊಲಿಸ್. ಇಷ್ಟು ಹತ್ತಿರ ಇರುತ್ತದೆಂದು ಎಣಿಸಿರಲಿಲ್ಲ. ಪೇಟೆಯ ನಡುವೆ ಬಸವನಗುಡಿಯ ದೇವಸ್ಥಾನ ಇದ್ದಹಾಗೆ, ಸುತ್ತಲಿನವರು ಅದನ್ನು ನೋಡದೆಯೇ ಓಡಾಡುತ್ತಿದ್ದರು.

ಕೊಠಡಿ ಬಾಡಿಗೆಗೆ ಕೊಟ್ಟ ಮಹಿಳೆ ನನ್ನ ವಯಸ್ಸಿನವರೇ. ಹರಕುಮುರುಕು ಇಂಗ್ಲಿಷಿನಲ್ಲಿ ನನ್ನ ಉದ್ಯೋಗ ಕೇಳಿದರು. ಹೇಳಿದೆ. "ಓ, ಲೊಗೀಸ್ತ್ರಿಯಾ!" ಎಂದರು. ಲೆಕ್ಕ ನೋಡುವವಳು. ಆ ಪದ ಎಷ್ಟು ಹಳೆಯದೆಂದು ಗೊತ್ತಾಗಲು ಎರಡು ದಿನ ಬೇಕಾಯಿತು. ಅವರೇ ಕಲಿಸಿದ ಇನ್ನೊಂದು ಮಾತು ವಾರವಿಡೀ ನಮ್ಮ ಹೊಟ್ಟೆ ಕಾಯಿತು: "ನಿಸ್ತೀಸಿಮೊ". ಈಸ್ಟರ್ ಮುಂಚಿನ ಉಪವಾಸದ ಕಾಲವಾದ್ದರಿಂದ ಮಾಂಸ, ಮೊಟ್ಟೆ, ಹಾಲು ಇಲ್ಲದ ಅಡುಗೆ ಎಲ್ಲ ಹೋಟೆಲುಗಳಲ್ಲೂ ಸಿಗುತ್ತದೆ. "ಸಸ್ಯಾಹಾರ" ಎಂದು ಕೇಳಿದರೆ ಚೀಸ್ ಹಾಕಿದ ಸಲಾಡ್ ತಂದಿಡುತ್ತಾರೆ. "ನಿಸ್ತೀಸಿಮೊ" ಎಂದರೆ ಟೊಮೇಟೊ ರಸದಲ್ಲಿ ಬೇಯಿಸಿದ ದಪ್ಪ ಅವರೆಯಂಥ ಕಾಳು, ನಿಂಬೆಹುಳಿ ಹಿಂಡಿದ ಬೆಂದ ಸೊಪ್ಪು, ಅನ್ನ ತುಂಬಿದ ದ್ರಾಕ್ಷಿ ಎಲೆ ಬರುತ್ತವೆ. ಖಾರ ಮಾತ್ರ ಇರುವುದಿಲ್ಲ. ತಂಗಿಯ ಚೀಲದಲ್ಲಿ ಚಟ್ನಿಪುಡಿ ಇತ್ತು.

ಎರಡನೆಯ ದಿನ: ಬಂಡೆಯ ಮೇಲೆ

ಟಿಕೆಟ್ ಕಿಟಕಿಯಲ್ಲಿ ದುಡ್ಡು ಚಾಚಿದರೆ ಒಳಗಿದ್ದ ಹುಡುಗಿ ತಲೆಯಾಡಿಸಿದಳು. ಇಂದು ಮಾರ್ಚ್ 6, ಪ್ರವೇಶ ಉಚಿತ. ಲಂಡನ್ನಿನಲ್ಲಿರುವ ಪಾರ್ಥೆನಾನ್ ಗುಡಿಯ ಶಿಲ್ಪಗಳನ್ನು ಮರಳಿ ಕೊಡಿ ಎಂದು ಹಟ ಹಿಡಿದಿದ್ದ ನಟಿ, ಸಂಸ್ಕೃತಿ ಸಚಿವೆ ಮೆಲಿನಾ ಮೆರ್ಕೂರಿ 1994ರಲ್ಲಿ ತೀರಿಕೊಂಡ ದಿನ. ಗೊತ್ತಿಲ್ಲದೆ ಒಳ್ಳೆಯ ದಿನಕ್ಕೆ ಬಂದಿದ್ದೆವು. ಊರಿನ ಶಾಲೆಯ ಮಕ್ಕಳೆಲ್ಲ ಬಂದಿದ್ದರು ಎಂಬುದು ಅದರ ಇನ್ನೊಂದು ಮುಖ.

ಗಾಳಿ ಟೋಪಿ ಹಾರಿಸುವಂತಿತ್ತು. ಸಾವಿರಾರು ವರ್ಷ ಜನ ತುಳಿದು ತುಳಿದು ಅಮೃತಶಿಲೆಯ ಮೆಟ್ಟಿಲು ಎಣ್ಣೆ ಸುರಿದಂತೆ ನುಣುಪಾಗಿದೆ. ಹೆಬ್ಬಾಗಿಲಿನಲ್ಲೇ ತಂಗಿ ಜಾರಿ ಕುಳಿತಳು. ಏಟೇನೂ ಆಗಲಿಲ್ಲ, ಆದರೆ ಮದುವೆ ಮನೆಗೆ ಹಾಕುವಂಥ ಚಪ್ಪಲಿ ಇಲ್ಲಿಗೆ ಆಗುವುದಿಲ್ಲ ಎಂದು ನಾನು ಬೆಂಗಳೂರಿನಲ್ಲೇ ಹೇಳಿದ್ದೆ. ಕಾವಲಿನವನು ಕೈಹಿಡಿದು ಎಬ್ಬಿಸಿ, ಬೆಳಗಿನಿಂದ ಅವಳು ನಾಲ್ಕನೆಯವಳು ಎಂದು ಬೆರಳೆಣಿಸಿ ತೋರಿಸಿದ.

ಪಾರ್ಥೆನಾನ್ ಕಟ್ಟಲು ಶುರುಮಾಡಿದ್ದು ಕ್ರಿ.ಪೂ. 447ರಲ್ಲಿ, ಶಿಲ್ಪಗಳೂ ಸೇರಿ ಮುಗಿದದ್ದು 432ರಲ್ಲಿ. ಹದಿನೈದೇ ವರ್ಷ. ನಮ್ಮಲ್ಲಿ ಒಂದು ಮೇಲ್ಸೇತುವೆಗೆ ಅಷ್ಟು ಹಿಡಿದ ಕಡತಗಳನ್ನು ನಾನು ನೋಡಿದ್ದೇನೆ. ಮುಂದೆ 8, ಪಕ್ಕಕ್ಕೆ 17 ಕಂಬ. ನೇರ ಎಂದು ಕಾಣುವುದು ಯಾವುದೂ ನೇರವಲ್ಲ. ಕಂಬಗಳು ನಡುವೆ ತುಸು ಉಬ್ಬಿ ಒಳಕ್ಕೆ ವಾಲಿವೆ, ಉದ್ದನೆಯ ಬದಿಯ ಮೆಟ್ಟಿಲು ನಡುವಿನಲ್ಲಿ ಸುಮಾರು 11 ಸೆಂಟಿಮೀಟರ್ ಏರಿದೆ. ಒಂದು ತುದಿಯಲ್ಲಿ ಬಗ್ಗಿ ಮೆಟ್ಟಿಲಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿದೆ. ಆಚೆ ತುದಿಯ ಅಂಚು ನಡುವಿನ ಉಬ್ಬಿನ ಹಿಂದೆ ಮರೆಯಾಗಿತ್ತು.

ನನಗೆ ಕುತೂಹಲವಿದ್ದದ್ದು ಈಗ ಅಲ್ಲಿ ಇಲ್ಲದ ವಸ್ತುವಿನ ಬಗ್ಗೆ. ಒಳಗೆ ಫಿಡಿಯಾಸ್ ಮಾಡಿದ ಅಥೀನಾ ದೇವಿಯ ಮೂರ್ತಿ ಇತ್ತು, ಚಿನ್ನ ಮತ್ತು ದಂತದ್ದು. ಚಿನ್ನವೇ 40 ಟ್ಯಾಲೆಂಟ್ ಎಂದು ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ, ನಮ್ಮ ತೂಕದಲ್ಲಿ ಸಾವಿರ ಕಿಲೋ ದಾಟುತ್ತದೆ. ಶಿಲ್ಪಿ ಚಿನ್ನ ಕದ್ದ ಎಂದು ದೂರು ಬಂದಿತು. ಜೀವನಚರಿತ್ರೆಗಳನ್ನು ಬರೆದ ಪ್ಲೂಟಾರ್ಕ್ ಹೇಳುವ ಪ್ರಕಾರ ಅಂದಿನ ಅಥೆನ್ಸಿನ ನಾಯಕ ಪೆರಿಕ್ಲಿಸ್ ಮೊದಲೇ ಎಚ್ಚರ ವಹಿಸಿದ್ದ: ಚಿನ್ನದ ತಗಡುಗಳನ್ನು ಕಳಚಿ ತೂಗಲು ಬರುವಂತೆ ಕೂರಿಸಿದ್ದ. ತೂಗಿ ನೋಡಿಕೊಳ್ಳಿ ಎಂದ. ಫಿಡಿಯಾಸ್ ಆ ಆರೋಪದಿಂದ ಪಾರಾದ. ಯುದ್ಧ ಬಂದಾಗ ಇದೇ ಪೆರಿಕ್ಲಿಸ್, ತೀರಾ ಕಷ್ಟವಾದರೆ ದೇವಿಯ ಚಿನ್ನವನ್ನೂ ಬಳಸಬಹುದು, ಆಮೇಲೆ ಮರಳಿಸಬೇಕು ಅಷ್ಟೆ ಎಂದು ಜನರಿಗೆ ಲೆಕ್ಕ ಕೊಟ್ಟ. ದೇವರನ್ನೇ ಮೀಸಲು ನಿಧಿಯಾಗಿ ತೋರಿಸಿದ ಆಯವ್ಯಯ ಪತ್ರ ನಾನು ಬೇರೆಲ್ಲೂ ಕಂಡಿಲ್ಲ.

"ಕಟ್ಟಡದ ಸೌಂದರ್ಯ ನೋಡು ಎಂದರೆ ಕಳ್ಳತನದ ಕಡತ ತೆಗೆಯುತ್ತೀಯ" ಎಂದಳು ತಂಗಿ.

ಕಟ್ಟಡದ ಪಾಡು ಅವಳಿಗೂ ಕಣ್ಣೀರು ತರಿಸಿತು. 1687ರಲ್ಲಿ ತುರ್ಕರು ಇಲ್ಲಿ ಮದ್ದುಗುಂಡು ತುಂಬಿಟ್ಟಿದ್ದರು. ಮುತ್ತಿಗೆ ಹಾಕಿದ ವೆನಿಸ್ ಸೈನ್ಯದ ಗುಂಡು ಬಿದ್ದು ನಡುಭಾಗ ಸಿಡಿದುಹೋಯಿತು. ಉಳಿದ ಶಿಲ್ಪಗಳಲ್ಲಿ ಸುಮಾರು ಅರ್ಧದಷ್ಟನ್ನು 1801ರಿಂದ ಬ್ರಿಟಿಷ್ ರಾಯಭಾರಿ ಎಲ್ಗಿನ್ ಪ್ರಭು ಕೀಳಿಸಿ ಸಾಗಿಸಿದ. ಬಂಡೆಯ ಬುಡದ ವಸ್ತುಸಂಗ್ರಹಾಲಯದ ಮೇಲಂತಸ್ತಿನಲ್ಲಿ ಇಲ್ಲೇ ಉಳಿದ ಫಲಕಗಳು ಜೇನುಬಣ್ಣದವು. ಲಂಡನ್ನಿನವುಗಳ ಜಾಗದಲ್ಲಿ ಸುಣ್ಣದಂಥ ಬಿಳಿ ಅಚ್ಚುಗಳು. ಕೆಳಗೆ ಚಾವಣಿ ಹೊತ್ತ ಕನ್ಯೆಯರ ಸಾಲಿನಲ್ಲಿ ಐವರಿದ್ದಾರೆ. ಆರನೆಯವಳು ಲಂಡನ್ನಿನಲ್ಲಿ, ಅವಳ ಜಾಗ ಖಾಲಿ ಬಿಟ್ಟಿದ್ದಾರೆ.

ಮೂರನೆಯ ದಿನ: ಕಲ್ಲಿನ ಕಡತಗಳು

ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದ ಪಕ್ಕಕ್ಕೆ ತಿರುಗಿದರೆ ಶಾಸನಗಳ ಸಂಗ್ರಹಾಲಯವಿದೆ. ಮುಂಬಾಗಿಲಿನಲ್ಲಿ ಸಾಲು, ಇಲ್ಲಿ ನಾವಿಬ್ಬರೇ. ಒಳಗೆ ಎರಡು ಆಳೆತ್ತರದ ಒಂದು ಕಲ್ಲು, ತುಂಡುಗಳನ್ನು ಕೂಡಿಸಿ ನಿಲ್ಲಿಸಿದ್ದು. ಪರ್ಷಿಯನ್ನರ ವಿರುದ್ಧ ಒಂದಾದ ದ್ವೀಪ, ಪಟ್ಟಣಗಳ ಕಪ್ಪದ ಲೆಕ್ಕ ಅದು. ಬೊಕ್ಕಸ ಡೆಲೊಸ್ ದ್ವೀಪದಲ್ಲಿತ್ತು, ಕ್ರಿ.ಪೂ. 454ರಲ್ಲಿ ಅದನ್ನು ಅಥೆನ್ಸಿಗೆ ತಂದರು. ಅಂದಿನಿಂದ ಪ್ರತಿ ಊರಿನ ಕಪ್ಪದ ಅರವತ್ತರಲ್ಲೊಂದು ಪಾಲು ಅಥೀನಾ ದೇವಿಗೆ. ಆ ಪಾಲನ್ನು ಊರಿನ ಹೆಸರಿನೊಂದಿಗೆ ಕೆತ್ತಿದ್ದಾರೆ. ಆಕ್ರೊಪೊಲಿಸ್ಸಿನ ವೈಭವದ ಹಿಂದೆ ಮಿತ್ರರಿಂದ ವಸೂಲು ಮಾಡಿದ ಹಣವಿತ್ತು. ಕೊಡುವುದಿಲ್ಲ ಎಂದ ಊರುಗಳ ಮೇಲೆ ಹಡಗು ಹೋಯಿತು. ದುಡ್ಡು ಎಲ್ಲಿಂದ ಬಂತೆಂದು ಮುಚ್ಚಿಡಲಿಲ್ಲ, ಅದು ಬೇರೆ ಮಾತು. ಮುಚ್ಚಿಡದ ಸುಲಿಗೆಯೂ ಸುಲಿಗೆಯೇ.

ನಾನು ಹೆಚ್ಚು ಹೊತ್ತು ನಿಂತದ್ದು ಬಂಡೆಯ ಮೇಲಿನ ಎರೆಕ್ಥಿಯನ್ ಗುಡಿಯ ಕಾಮಗಾರಿ ಲೆಕ್ಕದ ಚೂರುಗಳ ಮುಂದೆ. ಕ್ರಿ.ಪೂ. ಐದನೆಯ ಶತಮಾನದ ಕೊನೆಯವು. ಕೆಲಸಗಾರನ ಹೆಸರು, ಮಾಡಿದ ಕೆಲಸ, ಕೊಟ್ಟ ಕೂಲಿ. ನಾಗರಿಕ, ವಲಸೆಗಾರ, ಗುಲಾಮ, ಮೂವರೂ ಒಂದೇ ಪಟ್ಟಿಯಲ್ಲಿ, ದಿನಕ್ಕೆ ಒಂದು ದ್ರಾಖ್ಮಾ. ಗುಲಾಮನ ದ್ರಾಖ್ಮಾ ಯಾರ ಜೇಬಿಗೆ ಹೋಗಿರಬೇಕೆಂದು ಊಹಿಸಬಹುದು. ಲೆಕ್ಕ ಬರೆಯಲು ಕೊಂಡ ಹಲಗೆ, ನಕಲು ಮಾಡಲು ಕೊಂಡ ಪಪೈರಸ್ ಹಾಳೆ ಕೂಡ ಖರ್ಚಿನಲ್ಲಿವೆ. ಲೇಖನ ಸಾಮಗ್ರಿ! ತಂಗಿಯನ್ನು ಕರೆದು ತೋರಿಸಿದೆ. ಅವಳು ನನ್ನ ಪುಸ್ತಕದ ಬೆಲೆ ಬರೆದಿದ್ದೇನೆಯೇ ಎಂದು ಕೇಳಿದಳು. ಬರೆದಿರಲಿಲ್ಲ.

ಮಧ್ಯಾಹ್ನ ಎಳ್ಳು ಮೆತ್ತಿದ ಬಳೆಯಾಕಾರದ ಬ್ರೆಡ್ ತಿನ್ನುತ್ತ ಅಗೋರಾಕ್ಕೆ ಇಳಿದೆವು, ಹಳೆಯ ಸಂತೆಮಾಳ. ಅಲ್ಲಿನ ಉದ್ದನೆಯ ಕಂಬಸಾಲಿನ ಕಟ್ಟಡ 1950ರ ದಶಕದಲ್ಲಿ ಮತ್ತೆ ಕಟ್ಟಿದ್ದು. ಒಳಗಿನ ಪುಟ್ಟ ಸಂಗ್ರಹ ನನಗೆ ಬಂಡೆಯ ಮೇಲಿನ ಎಲ್ಲಕ್ಕಿಂತ ಹಿಡಿಸಿತು. ಬಾಗಿಲ ಗಾತ್ರದ ಕಲ್ಲಿನಲ್ಲಿ ಸಾಲುಸಾಲು ಸೀಳು: ಹೆಸರಿನ ಬಿಲ್ಲೆಗಳನ್ನು ಸಿಕ್ಕಿಸಿ, ಕಪ್ಪು ಬಿಳುಪು ಗುಂಡು ಉರುಳಿಸಿ, ನ್ಯಾಯಸಭೆಗೆ ಕೂರುವವರನ್ನು ಆರಿಸುವ ಯಂತ್ರ. ಚುನಾವಣೆಯಲ್ಲಿ ಶ್ರೀಮಂತ ಗೆಲ್ಲುತ್ತಾನೆ, ಚೀಟಿ ಎತ್ತಿದರೆ ಯಾರಿಗೂ ಬರಬಹುದು ಎಂಬುದು ಅವರ ತರ್ಕ. ಅಧಿಕಾರ ಮುಗಿಸಿ ಇಳಿಯುವ ಪ್ರತಿಯೊಬ್ಬನೂ ಲೆಕ್ಕ ಒಪ್ಪಿಸಬೇಕಿತ್ತು. ಅದನ್ನು ನೋಡುವ ಹತ್ತು ಮಂದಿಯನ್ನೂ ಚೀಟಿಯಿಂದಲೇ ಆರಿಸುತ್ತಿದ್ದರು. ಅವರ ಹುದ್ದೆಯ ಹೆಸರು "ಲೊಗಿಸ್ತೈ". ಮನೆಯೊಡತಿ ನನ್ನನ್ನು ಕರೆದದ್ದು ಅದೇ ಪದದಿಂದ.

ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಮಡಕೆಚೂರುಗಳು. ವರ್ಷಕ್ಕೊಮ್ಮೆ ಜನ ಬೇಡದ ನಾಯಕನ ಹೆಸರು ಗೀಚಿ ಹಾಕುತ್ತಿದ್ದರು. ಗಡಿಪಾರಾದವನು ಹತ್ತು ವರ್ಷ ಹೊರಗೆ. ಪರ್ಷಿಯನ್ನರ ವಿರುದ್ಧ ಸಲಾಮಿಸ್ ಕದನ ಗೆಲ್ಲಿಸಿದ ಥೆಮಿಸ್ಟೊಕ್ಲಿಸನನ್ನೂ ಹಾಗೆ ಅಟ್ಟಿದರು. ಒಂದು ಬಾವಿಯಲ್ಲಿ ಅವನ ಹೆಸರಿನ ಸುಮಾರು 190 ಚೂರುಗಳು ಒಟ್ಟಿಗೆ ಸಿಕ್ಕಿವೆ, ಎಲ್ಲವೂ 14 ಕೈಗಳ ಬರಹ. ಹಂಚಲು ಮೊದಲೇ ಬರೆದಿಟ್ಟವು! ಒಂದೇ ಅಕ್ಷರದಲ್ಲಿ ಬರೆದ ನೂರು ಕೂಲಿ ರಸೀದಿ ಕಂಡಾಗ ಆಗುತ್ತಿದ್ದ ಖುಷಿಯೇ ನನಗಾಯಿತು. ಪ್ರಜಾಪ್ರಭುತ್ವ ಎಷ್ಟು ಹಳೆಯದೋ ಅದರ ಕೈಚಳಕವೂ ಅಷ್ಟೇ ಹಳೆಯದು.

ಸಂಜೆ ಪ್ನಿಕ್ಸ್ ಗುಡ್ಡ, ಜನಸಭೆ ಸೇರುತ್ತಿದ್ದ ಜಾಗ. ಬರಿಯ ಇಳಿಜಾರು, ಭಾಷಣಕಾರ ನಿಲ್ಲುವ ಕಲ್ಲುಮೆಟ್ಟಿಲು. ಮುಖ್ಯ ನಿರ್ಧಾರಗಳಿಗೆ 6,000 ಜನ ಬೇಕಿತ್ತು. ಬಾರದವರನ್ನು ಕೆಂಪು ಬಣ್ಣ ಬಳಿದ ಹಗ್ಗದಿಂದ ಒಟ್ಟಿಕೊಂಡು ಬರುತ್ತಿದ್ದರಂತೆ. ಆಮೇಲೆ ಸಭಾ ಭತ್ಯೆ ಕೊಡತೊಡಗಿದರು. ಹೆಂಗಸರಿಗೆ, ಗುಲಾಮರಿಗೆ, ಪರದೇಶಿಗಳಿಗೆ ಪ್ರವೇಶವಿಲ್ಲ. ನಮ್ಮಿಬ್ಬರಿಗೂ ಎರಡೆರಡು ಕಾರಣಕ್ಕೆ ಇರುತ್ತಿರಲಿಲ್ಲ. ಪೈನ್ ಮರಗಳಲ್ಲಿ ಹರಿದ ಗಾಳಿಪಟಗಳು ತೂಗಾಡುತ್ತಿದ್ದವು. ಉಪವಾಸ ಆರಂಭವಾಗುವ ಸೋಮವಾರ ಊರೆಲ್ಲ ಇಲ್ಲಿ ಬಂದು ಹಾರಿಸಿದ್ದು.

ನಾಲ್ಕನೆಯ ದಿನ: ಮೈಸಿನೇಯ ದಾರಿ

ಮೈಸಿನೇ ಎಂಬ ಕಂಚಿನ ಯುಗದ ಕೋಟೆಗೆ ಬಸ್ ಇದೆ ಎನ್ನುತ್ತಾರೆ. ನಾಫ್ಲಿಯೊ ಬಸ್ಸು ನಿಮ್ಮನ್ನು ಇಳಿಸುವುದು ಫಿಖ್ತಿ ಎಂಬ ಹಳ್ಳಿಯ ಕೂಡುರಸ್ತೆಯಲ್ಲಿ. ಅಲ್ಲಿಂದ ಕೋಟೆಗೆ ಮೂರು-ನಾಲ್ಕು ಕಿಲೋಮೀಟರ್ ಏರು. ಚಳಿಗಾಲದ ವೇಳಾಪಟ್ಟಿಯಲ್ಲಿ ಮಧ್ಯಾಹ್ನ ಮೂರೂವರೆಗೆ ಬಾಗಿಲು ಹಾಕುತ್ತಾರೆ. ನಾವು ಇಳಿದಾಗ ಹನ್ನೆರಡೂವರೆ, ಚಕ್ರದ ಪೆಟ್ಟಿಗೆ ಬೇರೆ. ಎರಡೂ ಕಡೆ ಕಿತ್ತಳೆ ತೋಟ, ಮರದ ಕೆಳಗೆಲ್ಲ ಉದುರಿದ ಹಣ್ಣು. ಅರ್ಧ ಫರ್ಲಾಂಗು ನಡೆಯುವಷ್ಟರಲ್ಲಿ ಹಿಂದಿನಿಂದ ಒಂದು ಹಳೆಯ ಟ್ರಕ್ ಬಂದು ನಿಂತಿತು.

ಓಡಿಸುತ್ತಿದ್ದ ಅಜ್ಜನಿಗೆ ಎಪ್ಪತ್ತು ದಾಟಿತ್ತು. ಪೆಟ್ಟಿಗೆಯನ್ನು ಹಣ್ಣಿನ ಮೇಲೆ ಎಸೆದು ನಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಜರ್ಮನಿಯಲ್ಲಿ ಕಾರ್ಖಾನೆ ಕೆಲಸ ಮಾಡಿ ಬಂದವರಂತೆ. ನಾಲ್ಕು ಇಂಗ್ಲಿಷ್ ಪದ, ಮಿಕ್ಕದ್ದು ಕೈಸನ್ನೆ. ನಾನು ಹೆಮ್ಮೆಯಿಂದ "ಲೊಗೀಸ್ತ್ರಿಯಾ" ಎಂದೆ. ಅವರು ಸ್ಟೀರಿಂಗ್ ಬಿಟ್ಟು ಎರಡೂ ಕೈ ಮೇಲೆತ್ತಿದರು. "ತ್ರೋಯಿಕಾ! ತ್ರೋಯಿಕಾ!" 2010ರಲ್ಲಿ ದೇಶ ಸಾಲದಲ್ಲಿ ಮುಳುಗಿದಾಗ ಐರೋಪ್ಯ ಆಯೋಗ, ಐರೋಪ್ಯ ಕೇಂದ್ರ ಬ್ಯಾಂಕ್, ಐಎಂಎಫ್ ಸೇರಿ ಸಾಲದ ಲೆಕ್ಕ ನೋಡಲು ಬಂದಿದ್ದವು, ಜನರ ಬಾಯಲ್ಲಿ ಆ ಮೂವರ ಹೆಸರು ಅದು. ಅಜ್ಜ ತಮ್ಮ ಪಿಂಚಣಿ ಎಂದು ಅಂಗೈ ತೋರಿಸಿ, ಇನ್ನೊಂದು ಕೈಯನ್ನು ಕತ್ತರಿಯಂತೆ ಆಡಿಸಿದರು. ನನ್ನ ಕೈಗೆ ಕಿತ್ತಳೆ ಇಟ್ಟು ನಕ್ಕರು. ನನ್ನ ವೃತ್ತಿಯ ಬಗ್ಗೆ ಮೂರು ದಿನದಿಂದ ಬೆಳೆದಿದ್ದ ಜಂಬ ಆ ತಿರುವಿನಲ್ಲಿ ಇಳಿಯಿತು.

ಸಿಂಹದ್ವಾರ ಕ್ರಿ.ಪೂ. 1250ರ ಸುಮಾರಿನದು. ಎರಡು ಸಿಂಹಗಳ ತಲೆಗಳಿಲ್ಲ. ಆದರೂ ನೋಡಿದವರ ಎದೆ ಝಲ್ಲೆನ್ನುತ್ತದೆ. 1876ರಲ್ಲಿ ಶ್ಲೀಮನ್ ಎಂಬ ಜರ್ಮನ್ ಇಲ್ಲಿ ಅಗೆದು ಚಿನ್ನದ ಮುಖವಾಡ ತೆಗೆದು, ಟ್ರಾಯ್ ಯುದ್ಧದಲ್ಲಿ ಗ್ರೀಕರ ನಾಯಕನಾಗಿದ್ದ ಅಗಮೆಮ್ನಾನ್ ರಾಜನದೆಂದ. ಆ ಯುದ್ಧ ನಿಜಕ್ಕೂ ನಡೆದಿತ್ತೆಂದುಕೊಂಡರೂ ಆ ಮುಖವಾಡ ಅದಕ್ಕಿಂತ ಮುನ್ನೂರು ವರ್ಷ ಹಳೆಯದು. ಕೋಟೆಯ ಹೊರಗೆ "ಎಣ್ಣೆ ವ್ಯಾಪಾರಿಯ ಮನೆ" ಎಂದು ಹೆಸರಿಟ್ಟ ಕಲ್ಲುಗೋಡೆಗಳಿವೆ. ಅಲ್ಲಿ ಸಿಕ್ಕ ಮಣ್ಣಿನ ಹಲಗೆಗಳ ಬರಹವನ್ನು 1952ರಲ್ಲಿ ಬಿಡಿಸಿದವನು ಮೈಕಲ್ ವೆಂಟ್ರಿಸ್ ಎಂಬ ವಾಸ್ತುಶಿಲ್ಪಿ. ಗ್ರೀಕ್ ಭಾಷೆಯ ಅತಿ ಹಳೆಯ ಬರಹ ಅದು. ವೀರಗಾಥೆ ಇದ್ದೀತೆಂದು ಕಾದವರಿಗೆ ಸಿಕ್ಕಿದ್ದು ಎಣ್ಣೆ, ಉಣ್ಣೆ, ಕುರಿಗಳ ದಾಖಲೆ. ಹಸಿಮಣ್ಣಿನ ಹಲಗೆಗಳು; ಕಟ್ಟಡ ಸುಟ್ಟ ಬೆಂಕಿಯಲ್ಲಿ ಬೆಂದು ಗಟ್ಟಿಯಾದ್ದರಿಂದ ಉಳಿದವು. ಆಮೇಲೆ ಅರಮನೆಗಳೂ ಹೋದವು, ಬರಹವೂ ಹೋಯಿತು. ಫಿನೀಷಿಯನ್ನರಿಂದ ಅಕ್ಷರ ಕಲಿತು ಗ್ರೀಕರು ಮತ್ತೆ ಬರೆಯಲು ನಾನ್ನೂರು ವರ್ಷ ಹಿಡಿಯಿತು. ಮೊದಲ ಲಿಪಿ ಅರಮನೆಯ ಗುಮಾಸ್ತರ ಸ್ವತ್ತು, ಎರಡನೆಯದು ಮಡಕೆಚೂರಿನ ಮೇಲೆ ಗೀಚುವ ಕುಂಬಾರನಿಗೂ ಸಿಕ್ಕಿತು. ಗ್ರೀಸಿನ ಏಳಿಗೆಗೆ ಸಮುದ್ರ, ವ್ಯಾಪಾರ ಎಂದು ನೂರು ಕಾರಣ ಕೊಡುತ್ತಾರೆ. ನನ್ನ ಕಣ್ಣಿಗೆ ಬಿದ್ದದ್ದು ಇದು.

ಅಟ್ರಿಯಸ್ ಭಂಡಾರ ಎಂಬ ಗುಮ್ಮಟದ ಗೋರಿಯೊಳಗೆ ಜೇನ್ನೊಣಗಳ ಝೇಂಕಾರ ತಂಬೂರಿಯಂತೆ ತುಂಬಿತ್ತು. ಮೂರೂವರೆಗೆ ಸರಿಯಾಗಿ ಸೀಟಿ ಊದಿ ಹೊರಗಟ್ಟಿದರು.

ಐದನೆಯ ದಿನ: ಎಪಿಡಾರಸ್, ಮಳೆ

ನಾಫ್ಲಿಯೊ ಕಡಲ ತೀರದ ಅಂದವಾದ ಊರು. 1834ರವರೆಗೆ ಹೊಸ ಗ್ರೀಸಿನ ರಾಜಧಾನಿ. ಭಾನುವಾರ ಬಸ್ಸಿನ ವೇಳೆ ಹೊಂದದೆ ಟ್ಯಾಕ್ಸಿ ಹಿಡಿದೆವು. ಆ ಬಾಬ್ತು ನೋಡಿದರೆ ಈಗಲೂ ಸಂಕಟವಾಗುತ್ತದೆ.

ಎಪಿಡಾರಸ್ಸಿನ ರಂಗಮಂದಿರ ಕ್ರಿ.ಪೂ. ನಾಲ್ಕನೆಯ ಶತಮಾನದ್ದು, 55 ಸಾಲು, ಸುಮಾರು 14,000 ಜನ ಕೂರಬಹುದು. ಜಿನುಗುಮಳೆಯಲ್ಲಿ ನಾನು ಮೇಲಿನ ಸಾಲಿಗೆ ಹತ್ತಿದೆ, ತಂಗಿ ಕೆಳಗೆ ರಂಗದ ನಡುಗಲ್ಲಿನ ಮೇಲೆ ನಿಂತಳು. ಒಂದು ನಾಣ್ಯ ಬೀಳಿಸಿದಳು. ಟಿಣ್ ಎಂದದ್ದು ಪಕ್ಕದಲ್ಲೇ ಬಿದ್ದಂತೆ ಕೇಳಿಸಿತು. ಆಮೇಲೆ ಪಂಪನ ಒಂದು ಪದ್ಯ ಶುರುಮಾಡಿದಳು, ತರಗತಿಯಲ್ಲಿ ಹೇಳುತ್ತಿದ್ದ ಅದೇ ದನಿಯಲ್ಲಿ. ಎರಡು ಸಾಲು ಮುಗಿಯುವಷ್ಟರಲ್ಲಿ ಕಾವಲಿನ ಹೆಂಗಸಿನ ಸೀಟಿ. ಇಲ್ಲಿ ಮೆಲ್ಲಗೆ ಮಾತಾಡಬಹುದು, ಹಾಡುವಂತಿಲ್ಲ.

ಮರದ ಕೆಳಗೆ ಕುಳಿತು ಕಿತ್ತಳೆ ಸುಲಿಯುತ್ತ ನಮ್ಮ ಜಗಳ ಹತ್ತಿಕೊಂಡಿತು. ಸೋಫೋಕ್ಲಿಸನ ಏಜಾಕ್ಸ್ ನಾಟಕವನ್ನು ಬಿ.ಎಂ.ಶ್ರೀ ಅಶ್ವತ್ಥಾಮನ ಕಥೆಯಾಗಿ ಕನ್ನಡಕ್ಕೆ ತಂದದ್ದು ನನಗೂ ಗೊತ್ತು, ಅದರಲ್ಲಿ ತಕರಾರಿಲ್ಲ. ತಕರಾರು ಈಜಿಪ್ಟಿನ ಆಕ್ಸಿರಿಂಕಸ್ ಕಸದ ಗುಡ್ಡೆಯಲ್ಲಿ ಸಿಕ್ಕ ಗ್ರೀಕ್ ಪ್ರಹಸನದ್ದು. ಖಾರಿಟಿಯೋನ್ ಎಂಬ ಗ್ರೀಕ್ ಹೆಣ್ಣು ಹಿಂದೂ ದೇಶದ ಕರಾವಳಿಯಲ್ಲಿ ಸೆರೆಯಾಗಿದ್ದಾಳೆ. ಅವಳ ಕಡೆಯವರು ಅಲ್ಲಿನ ರಾಜನಿಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಬಿಡಿಸಿಕೊಳ್ಳುತ್ತಾರೆ. ರಾಜನ ಕಡೆಯವರು ಆಡುವ ಅರ್ಥವಾಗದ ಮಾತು ಕನ್ನಡವಿರಬಹುದೆಂದು ಜರ್ಮನ್ ವಿದ್ವಾಂಸ ಹುಲ್ಷ್ 1904ರಲ್ಲಿ ಹೇಳಿದರು. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನು ಮುಂದುವರಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ತಂಗಿಗೆ ಅದು ಕನ್ನಡವೇ.

"ರಸೀದಿ ಎಲ್ಲಿದೆ?" ಎಂದೆ.

"ಎಲ್ಲದಕ್ಕೂ ರಸೀದಿ ಇರುವುದಿಲ್ಲ ಅಕ್ಕ."

"ಇಲ್ಲದಿದ್ದರೆ ಆಕ್ಷೇಪಣೆಯಲ್ಲಿ ಇಡಬೇಕು, ಒಪ್ಪಿಕೊಳ್ಳುವುದಲ್ಲ."

ಟ್ಯಾಕ್ಸಿಯಲ್ಲಿ ಇಬ್ಬರೂ ಕಿಟಕಿಯಾಚೆ ನೋಡುತ್ತ ಬಂದೆವು.

ಆರನೆಯ ದಿನ: ತಪ್ಪು ನಿಲ್ದಾಣ

ಅಥೆನ್ಸಿನಲ್ಲಿ ಎರಡು ದೂರಪ್ರಯಾಣದ ಬಸ್ ನಿಲ್ದಾಣಗಳಿವೆ. ನಾಫ್ಲಿಯೊದಿಂದ ಬಂದಿಳಿಯುವುದು ಕಿಫಿಸೊಸ್, ಡೆಲ್ಫಿಗೆ ಹೊರಡುವುದು ಲಿಯೊಸಿಯೊನ್. ಒಂದೇ ಎಂದುಕೊಂಡು ಕಾಫಿ ಹೀರುತ್ತ ಕುಳಿತಿದ್ದೆವು. ಗೊತ್ತಾಗಿ ಓಡುವ ಹೊತ್ತಿಗೆ ಬಸ್ಸು ಹೋಗಿತ್ತು. ತಪ್ಪು ನನ್ನದೇ, ತಂಗಿ ಒಂದು ಮಾತೂ ಆಡಲಿಲ್ಲ, ಅದು ಇನ್ನೂ ಕಷ್ಟ. ಥೀಬ್ಸ್ ದಾಟುವಾಗ ಕತ್ತಲು. ಸೋಫೋಕ್ಲಿಸನ ನಾಟಕದ ಈಡಿಪಸ್ ತಂದೆಯನ್ನು ಕೊಂದ ಕವಲುದಾರಿ ಇಲ್ಲೇ ಎಲ್ಲೋ ಎಂದು ಅವಳು ಗಾಜಿಗೆ ಮುಖವೊತ್ತಿ ನೋಡಿದಳು; ಪೆಟ್ರೋಲ್ ಬಂಕಿನ ದೀಪ ಕಂಡಿತು. ಅರಾಖೊವಾ ಊರಿನ ಇಕ್ಕಟ್ಟಿನ ಬೀದಿಯಲ್ಲಿ ಬಸ್ಸು ಅಂಗಡಿಗಳ ಬಾಗಿಲು ಸವರಿಕೊಂಡು ಹೋಯಿತು.

ಏಳನೆಯ ದಿನ: ಡೆಲ್ಫಿ

ಬೆಳಗ್ಗೆ ಕಿಟಕಿ ತೆರೆದರೆ ಕೆಳಗೆ ಕಣಿವೆ ತುಂಬ ಆಲಿವ್ ಮರ, ಆಚೆ ಕಡಲಿನ ಒಂದು ಚೂರು. ಮೇಲೆ ಪರ್ನಾಸಸ್ ಬೆಟ್ಟದಲ್ಲಿ ಹಿಮ. ದೇವರು ಮಾತಾಡಲು ಈ ಜಾಗ ಆರಿಸಿಕೊಂಡನೆಂದರೆ ನಂಬಬಹುದು.

ಅಪೊಲೊ ದೇವರ ಗುಡಿಯಲ್ಲಿ ಪಿಥಿಯಾ ಎಂಬ ಪೂಜಾರಿಣಿಯ ಬಾಯಿಂದ ಕಣಿ ಬರುತ್ತಿತ್ತು. ಲಿಡಿಯಾದ ಕ್ರೀಸಸ್ ರಾಜ ಯುದ್ಧಕ್ಕೆ ಹೋಗಲೇ ಎಂದು ಕೇಳಿದ. ಹೋದರೆ ದೊಡ್ಡ ಸಾಮ್ರಾಜ್ಯವೊಂದು ನಾಶವಾಗುತ್ತದೆ ಎಂಬ ಉತ್ತರ ಬಂತು. ಹೋದ, ಅವನದೇ ನಾಶವಾಯಿತು ಎಂದು ಇತಿಹಾಸಕಾರ ಹೆರೊಡೊಟಸ್ ಬರೆಯುತ್ತಾನೆ. ಎಂದಿಗೂ ತಪ್ಪಾಗದ ವರದಿ ಬರೆಯುವುದು ಹೀಗೆ. ಸಂಗ್ರಹಾಲಯದಲ್ಲಿ ತಂಗಿ ಅಪೊಲೊ ಸ್ತೋತ್ರದ ಶಾಸನದ ಮುಂದೆ ನಿಂತವಳು ಕದಲಲಿಲ್ಲ. ಪದಗಳ ಮೇಲೆ ಸ್ವರದ ಗುರುತು ಕೆತ್ತಿದ್ದಾರೆ, ಹಾಡಬಹುದು. ಕಂಚಿನ ಸಾರಥಿಯ ಕಣ್ಣಿಗೆ ಒಂದೊಂದು ರೆಪ್ಪೆಯನ್ನೂ ಬಿಡಿಯಾಗಿ ಕೂರಿಸಿದ್ದಾರೆ.

ನನ್ನನ್ನು ಹಿಡಿದದ್ದು ಗುಡಿಯ ಕೆಳಗಿನ ಗೋಡೆ. ಅಂಕುಡೊಂಕಿನ ಕಲ್ಲುಗಳನ್ನು ಸಂದಿಲ್ಲದೆ ಜೋಡಿಸಿದ್ದಾರೆ; ಹತ್ತಿರ ಹೋದರೆ ಮೈತುಂಬ ಇರುವೆಸಾಲಿನಂಥ ಅಕ್ಷರ. ನೂರಾರು ಗುಲಾಮರ ಬಿಡುಗಡೆ ಪತ್ರಗಳು. ಯಜಮಾನ ಗುಲಾಮನನ್ನು ಅಪೊಲೊಗೆ ಇಷ್ಟು ಬೆಳ್ಳಿಗೆ ಮಾರಿದನೆಂದು ಬರೆಯುವುದು. ಹಣ ಹೊಂದಿಸಿದ್ದು ಗುಲಾಮನೇ, ದೇವರು ಹೆಸರಿಗೆ ಕೊಂಡವನು. ಗುಲಾಮನ ಹೆಸರು, ಬೆಲೆ, ಸಾಕ್ಷಿಗಳು. ಕೆಲವದರಲ್ಲಿ ಇನ್ನೊಂದು ಷರತ್ತು: ಯಜಮಾನ ಸಾಯುವವರೆಗೂ ಬಿಡುಗಡೆಯಾದವಳು ಅವನ ಬಳಿಯೇ ಇದ್ದು ಹೇಳಿದ ಕೆಲಸ ಮಾಡತಕ್ಕದ್ದು. ದುಡ್ಡು ಕೊಟ್ಟಾಗಿದೆ, ರಸೀದಿ ಕಲ್ಲಿನ ಮೇಲಿದೆ, ಹೋಗುವಂತಿಲ್ಲ. ಬೆರಳಿಟ್ಟು ಮುಟ್ಟಬೇಕೆನಿಸಿತು, ಹಗ್ಗ ಕಟ್ಟಿದ್ದರು. ತಂಗಿ ಪಕ್ಕಕ್ಕೆ ಬಂದು, ಓದಲು ಬಾರದ ಆ ಸಾಲುಗಳನ್ನು ನನ್ನೊಡನೆ ಬಹಳ ಹೊತ್ತು ನೋಡಿದಳು. ಈ ಸಲ ಏನೂ ಚುಚ್ಚಲಿಲ್ಲ.

ರಾತ್ರಿ ಪುಸ್ತಕ ತೆಗೆದು ಒಟ್ಟು ಹಾಕಿದರೆ 2 ಯೂರೊ ಕಡಿಮೆ. ಮೂರು ಸಲ ಕೂಡಿದೆ. ಚೀಲ ಸುರಿದೆ, ಜೇಬು ತಡವಿದೆ. ಕಂಬಳಿಯೊಳಗಿನಿಂದ ತಂಗಿ ಕೇಳಿದಳು:

"ಅವತ್ತು ಮಳೆಯಲ್ಲಿ ಬೀಳಿಸಿದ ನಾಣ್ಯ ಕಲ್ಲಿನ ಸಂದಿಗೆ ಉರುಳಿತ್ತು. ಹೇಳಿರಲಿಲ್ಲವೇ?"

ಹೇಳಿರಲಿಲ್ಲ. ಭಾನುವಾರದ ಪುಟಕ್ಕೆ ಹಿಂದಿರುಗಿ, ಟ್ಯಾಕ್ಸಿಯ ಕೆಳಗೆ ಜಾಗ ಮಾಡಿ ಬರೆದೆ: ಎಪಿಡಾರಸ್, ನಾದ ಪರೀಕ್ಷೆ, 2 ಯೂರೊ. ರಸೀದಿ ಇಲ್ಲ.